ಲೋಕದ ಸಂತೆಗೆ ಒಬ್ಬೊಬ್ಬರೇ ಹೋದೆವು

ಜಾಗತೀಕರಣ ಬೇಕೋ ಬೇಡವೋ ಎಂಬ ವಾದ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಸಕಲೇಶಪುರ, ಮೂಡಿಗೆರೆ, ಬೇಲೂರು ಕಡೆಯ ನೆಂಟರು, ಗೆಳೆಯರು ಸೇರಿದರೆ ಸಾಕು, ಕಾಫಿ ರೇಟಿನಿಂದ ಶುರುವಾದ ಮಾತು ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಕೆಲವರು ಮಾರುಕಟ್ಟೆ ತೆರೆದಿದ್ದರಿಂದಲೇ ಬದುಕಿದೆವು ಅನ್ನುತ್ತಾರೆ. ಕೆಲವರು ಅದರಿಂದಲೇ ಕೆಟ್ಟೆವು ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ನಿಜ ಇದೆ. ಆದರೆ ಊರು ಬಿಟ್ಟು ಇಟಲಿಯ ಟ್ರಿಯೆಸ್ಟೆಯಲ್ಲಿ ನೆಲೆಸಿದ ಮೇಲೆ, ನಾವು ಪ್ರಶ್ನೆಯನ್ನೇ ಬೇರೆ ಥರ ಕೇಳಬೇಕಿತ್ತು ಅಂತ ನನಗೆ ಬಲವಾಗಿ ಅನಿಸತೊಡಗಿದೆ.

ಯಾಕೆಂದರೆ ಬೇಡ ಅನ್ನುವ ಆಯ್ಕೆ ಕಾಫಿ ಸೀಮೆಯವರಿಗೆ ಯಾವತ್ತೂ ಇರಲಿಲ್ಲ. ಗಿಡ ಬಂದದ್ದೇ ಹೊರಗಿನಿಂದ. 1670ರ ಸುಮಾರಿಗೆ ಬಾಬಾ ಬುಡನ್ ಅವರು ಯೆಮನ್ ದೇಶದ ಮೋಖಾದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಎಂಬ ಕಥೆಯನ್ನು ನಾವೆಲ್ಲ ಕೇಳಿಕೊಂಡೇ ಬೆಳೆದವರು. ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿರುವ ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಹಾಸನದ ಆಲೂಗಡ್ಡೆಯ ಮೂಲ ದಕ್ಷಿಣ ಅಮೆರಿಕ. ಆ ಆಲೂಗಡ್ಡೆಯನ್ನು ಕಾಡುವ ಅಂಗಮಾರಿ ರೋಗ ಅದೇ 1845ರಲ್ಲಿ ಐರ್ಲೆಂಡಿನಲ್ಲಿ ಬರಗಾಲ ತಂದ ರೋಗ. ಕಾಫಿಯ ಎಲೆ ತುಕ್ಕು 1869ರಲ್ಲಿ ಶ್ರೀಲಂಕಾದಲ್ಲಿ ಕಾಣಿಸಿಕೊಂಡು ಅಲ್ಲಿಯ ಕಾಫಿಯನ್ನೇ ಮುಗಿಸಿತು. ಅವರು ಚಹಾಕ್ಕೆ ತಿರುಗಿದರು. ನಮ್ಮ ತೋಟಗಳಿಗೂ ಆ ತುಕ್ಕು ರೋಗ ಬಂತು. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಇವತ್ತಿಗೂ ಅದರ ಜೊತೆ ಗುದ್ದಾಡುತ್ತಲೇ ಇದೆ. ಇಷ್ಟೆಲ್ಲ ಆದ ಮೇಲೆ ಜಗತ್ತಿಗೆ ಬಾಗಿಲು ಹಾಕೋಣ ಅನ್ನುವುದು ನಮ್ಮ ಮಟ್ಟಿಗೆ ಆಗದ ಮಾತು. ಜಗತ್ತಿನ ಜೊತೆ ವ್ಯವಹಾರ ಮಾಡುವಾಗ ನಮ್ಮ ಪರವಾಗಿ ಯಾರು ನಿಂತಿರುತ್ತಾರೆ ಅನ್ನುವುದೇ ನಿಜವಾದ ಪ್ರಶ್ನೆ.

ಒಂದು ಕಾಲದಲ್ಲಿ ಕೇಂದ್ರ ಸರ್ಕಾರದ ಕಾಫಿ ಬೋರ್ಡ್ ನಿಂತಿತ್ತು. 1942ರ ಕಾಫಿ ಕಾಯ್ದೆಯಡಿ ಬಂದ ಪೂಲ್ ಪದ್ಧತಿ ನಮ್ಮ ಹಿರಿಯರಿಗೆಲ್ಲ ಚೆನ್ನಾಗಿ ನೆನಪಿದೆ. ಬೆಳೆದದ್ದನ್ನು ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಮೂಲಕ ಎಲ್ಲರ ಕಾಫಿ ಸೇರುವ ಪೂಲಿಗೆ ಹಾಕಬೇಕು. ಬೋರ್ಡ್ ಹರಾಜು ಹಾಕುತ್ತದೆ. ದುಡ್ಡು ಕಂತು ಕಂತಾಗಿ ಬರುತ್ತದೆ. ಈ ವರ್ಷ ಕೊಟ್ಟ ಕಾಫಿಯ ಕೊನೇ ಕಂತು ಯಾವಾಗ ಬರುತ್ತದೋ ಹೇಳುವವರಿಲ್ಲ. ಸ್ವಂತ ತೋಟದ ಕಾಫಿಯನ್ನು ಸ್ವಂತ ಇಷ್ಟದಂತೆ ಮಾರುವಂತಿರಲಿಲ್ಲ. ನಮ್ಮ ಅಪ್ಪನ ತಲೆಮಾರಿನವರು ಬೋರ್ಡನ್ನು ಬೈದದ್ದು ಸುಮ್ನೆ ಅಲ್ಲ. ಆದರೆ ಪೂಲಿಗೆ ಹಾಕಿದ ಮೇಲೆ ಅವರಿಗೆ ನಿದ್ದೆ ಬರುತ್ತಿತ್ತು. ಲಂಡನ್ನಿನ ಕಾಫಿ ಪೇಟೆಯಲ್ಲಿ ಇವತ್ತು ಏನಾಯಿತು ಅಂತ ಕೇಳುವ ಗರಜು ಇರಲಿಲ್ಲ. ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ. ಮೇಲೆ ಅಂತರರಾಷ್ಟ್ರೀಯ ಕಾಫಿ ಒಪ್ಪಂದವಿತ್ತು. ಯಾವ ದೇಶ ಎಷ್ಟು ಮಾರಬೇಕು ಅಂತ ಅದು ಕೋಟಾ ಹಾಕುತ್ತಿತ್ತು.

ಈ ಕಂಬಗಳೆಲ್ಲ ಕೆಲವೇ ವರ್ಷಗಳಲ್ಲಿ ಬಿದ್ದವು. 1989ರ ಜುಲೈನಲ್ಲಿ ಕೋಟಾ ವ್ಯವಸ್ಥೆ ಮುರಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅದೇ ವರ್ಷ ದೆಹಲಿಯಲ್ಲಿ ಹೊಸ ಆರ್ಥಿಕ ನೀತಿ ಬಂತು. ಪೂಲ್ ಒಂದೊಂದೇ ಹಂತದಲ್ಲಿ ಸಡಿಲವಾಗಿ, 1996ರ ಸೆಪ್ಟೆಂಬರ್ ಹೊತ್ತಿಗೆ ಎಲ್ಲ ಬೆಳೆಗಾರರೂ ಪೂರ್ತಿ ಬೆಳೆಯನ್ನು ತಾವೇ ಮಾರಿಕೊಳ್ಳಬಹುದು ಅಂತಾಯಿತು. ಆಗ ಪ್ರಧಾನಿಯಾಗಿದ್ದವರು ನಮ್ಮ ಹಾಸನ ಜಿಲ್ಲೆಯವರೇ ಆದ ಎಚ್.ಡಿ. ದೇವೇಗೌಡರು. ಬೆಳೆಗಾರರು ಸ್ವಾತಂತ್ರ್ಯ ಬಂದಷ್ಟೇ ಖುಷಿಪಟ್ಟರು. ಖುಷಿಗೆ ಕಾರಣವೂ ಇತ್ತು. 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬೆಳೆ ಕೆಟ್ಟು ಬೆಲೆ ಏರಿತ್ತು. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಜಾತಿಯ ಕಾಫಿ ಪೌಂಡಿಗೆ ಮೂರು ಡಾಲರ್ ದಾಟಿತು. ಹೊಸ ಮನೆಗಳು ಎದ್ದವು, ಹೊಸ ಜೀಪುಗಳು ಬಂದವು, ಸಿಕ್ಕ ಸಿಕ್ಕ ಜಾಗಕ್ಕೆಲ್ಲ ಕಾಫಿ ನೆಟ್ಟರು.

ಅತ್ತ ವಿಯೆಟ್ನಾಂ ಕೂಡ ನೆಡುತ್ತಿತ್ತು. ನಮಗಿಂತ ಎಷ್ಟೋ ಪಟ್ಟು ಜೋರಾಗಿ. 2001ರ ಹೊತ್ತಿಗೆ ಜಗತ್ತಿನ ಕಾಫಿ ಬೆಲೆ ಮೂವತ್ತು ವರ್ಷಗಳಲ್ಲೇ ಕೆಳಮಟ್ಟಕ್ಕೆ ಕುಸಿಯಿತು. ಹಣ್ಣು ಕುಯ್ಯಿಸುವ ಕೂಲಿಯೂ ಹುಟ್ಟದೆ ತೋಟದಲ್ಲೇ ಬಿಟ್ಟವರನ್ನು ನಾನು ಕಂಡಿದ್ದೇನೆ. ಸಾಲ ಮಾತ್ರ ನಿಲ್ಲಲಿಲ್ಲ. ಬೋರ್ಡನ್ನು ಬೈದವರೇ ಆಗ ಬೋರ್ಡ್ ಎಲ್ಲಿ ಅಂತ ಕೇಳಿದರು. ನೂರಕ್ಕೆ 98 ಹಿಡುವಳಿಗಳು ಹತ್ತು ಹೆಕ್ಟೇರಿಗಿಂತ ಸಣ್ಣವು. ಅಂಥ ಒಬ್ಬೊಬ್ಬ ಬೆಳೆಗಾರನೂ ಲಂಡನ್, ನ್ಯೂಯಾರ್ಕ್ ಪೇಟೆಯ ಎದುರು ಒಬ್ಬನೇ ನಿಂತಿದ್ದ. ತೆರೆದದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಪೂಲ್ ತೆಗೆದ ಜಾಗದಲ್ಲಿ ಬೆಳೆಗಾರರದ್ದೇ ಆದ ಏನನ್ನೂ ಕಟ್ಟದೆ ಬಿಟ್ಟೆವಲ್ಲ, ಅದು ನನ್ನ ತಕರಾರು.

ನಮ್ಮ ಚಿಕ್ಕಪ್ಪ ಸಕಲೇಶಪುರದ ಹತ್ತಿರ ಸಣ್ಣ ಬೆಳೆಗಾರರು. ಜನವರಿಯಲ್ಲಿ ಕಣದ ತುಂಬಾ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ತಿರುಳು ತೆಗೆದು ಒಳಸಿಪ್ಪೆ ಸಮೇತ ಒಣಗಿಸುವ ಬೀಜ, ಹರಡಿರುತ್ತದೆ. ಅವರು ಒಂದು ಕಾಳು ತೆಗೆದು ಹಲ್ಲಿನಲ್ಲಿ ಕಚ್ಚಿ ಒಣಗಿದೆಯಾ ನೋಡುತ್ತಾರೆ. ಇನ್ನೊಂದು ಕೈಯಲ್ಲಿ ಮೊಬೈಲ್. ವಾಟ್ಸಾಪ್‌ನಲ್ಲಿ ದಿನದ ರೇಟು ಬಂದಿರುತ್ತದೆ: ಎಪಿ ಇಷ್ಟು, ಎಸಿ ಇಷ್ಟು, ಆರ್‌ಪಿ ಇಷ್ಟು, ಆರ್‌ಸಿ ಇಷ್ಟು. ಎ ಅಂದರೆ ಅರೇಬಿಕಾ, ಆರ್ ಅಂದರೆ ಇನ್ನೊಂದು ಜಾತಿಯಾದ ರೊಬಸ್ಟಾ; ಪಿ ಅಂದರೆ ಪಾರ್ಚ್‌ಮೆಂಟ್, ಸಿ ಅಂದರೆ ಹಣ್ಣನ್ನು ಹಾಗೇ ಒಣಗಿಸಿದ ಚೆರ್ರಿ. ಕೆಳಗೆ ಟರ್ಮಿನಲ್, ಅಂದರೆ ಲಂಡನ್, ನ್ಯೂಯಾರ್ಕ್ ಪೇಟೆಯ ಬೆಲೆ, ಏರಿದೆಯೋ ಇಳಿದಿದೆಯೋ ಎಂಬ ಸಾಲು. "ಬೆಳೆಯೋದು ಇಲ್ಲಿ ಕಣೋ, ರೇಟ್ ಕಟ್ಟೋದು ಲಂಡನ್ನಲ್ಲಿ. ಮಳೆ ಮಾತ್ರ ಬ್ರೆಜಿಲ್‌ದು ನೋಡ್ಬೇಕು ಮಾರಾಯ," ಅಂದರು ಒಂದು ಸಲ. ಇಷ್ಟೆಲ್ಲ ನೋಡಿಯೂ ಅವರು ಮಾರುವುದು ಫೆಬ್ರವರಿಯಲ್ಲೇ. ಕೊಯ್ಲಿನ ಕೂಲಿ ಕೊಡಬೇಕು, ಬೆಳೆ ಸಾಲ ಕಟ್ಟಬೇಕು, ವ್ಯಾಪಾರಿಯಿಂದ ತಂದ ಮುಂಗಡ ತೀರಿಸಬೇಕು. ರೇಟು ಗೊತ್ತಿರುವುದು ಬೇರೆ, ರೇಟಿಗಾಗಿ ಕಾಯುವ ತಾಕತ್ತು ಇರುವುದು ಬೇರೆ. ಮೊಬೈಲ್ ಮೊದಲನೆಯದನ್ನು ಮಾತ್ರ ಕೊಟ್ಟಿದೆ.

ಇನ್ನು ನಾನಿರುವ ಊರಿನ ಕಡೆ ಬರುತ್ತೇನೆ. ಟ್ರಿಯೆಸ್ಟೆ ಸಮುದ್ರದ ಅಂಚಿನ ಹಳೇ ಬಂದರು. 1719ರಲ್ಲಿ ಆಸ್ಟ್ರಿಯಾವನ್ನು ಆಳುತ್ತಿದ್ದ ಚಕ್ರವರ್ತಿ ಆರನೇ ಚಾರ್ಲ್ಸ್ ಇದನ್ನು ಸುಂಕವಿಲ್ಲದ ಬಂದರು ಅಂತ ಸಾರಿದ. ಅಲ್ಲಿಂದ ಕಾಫಿ ವಿಯೆನ್ನಾಕ್ಕೆ ಹೋಗುತ್ತಿತ್ತು. ಈಗಲೂ ಇಟಲಿಯ ದೊಡ್ಡ ಕಾಫಿ ಬಂದರುಗಳಲ್ಲಿ ಇದೂ ಒಂದು. ನಾನು ಸರಕು ಸಾಗಣೆಯ ಕೆಲಸದಲ್ಲಿ ಇರುವುದರಿಂದ ಗೋದಾಮಿಗೆ ಹೋಗುವುದು ಇರುತ್ತದೆ. ಅಲ್ಲಿ ಸಾಲಾಗಿ ಪೇರಿಸಿದ ಗೋಣಿಚೀಲಗಳ ಮೇಲೆ ಭಾರತದ ಹೆಸರು ಕಂಡರೆ ಕಾಲು ತಾನಾಗೇ ನಿಲ್ಲುತ್ತದೆ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಎಸ್ಪ್ರೆಸ್ಸೊ ಮೇಲೆ ನಿಲ್ಲುವ ದಪ್ಪ ನೊರೆಗೆ ಒಳ್ಳೆ ರೊಬಸ್ಟಾ ಬೇಕು, ನಮ್ಮ ರೊಬಸ್ಟಾಗೆ ಇಲ್ಲಿ ಬಹಳ ಬೆಲೆ ಇದೆ.

2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾವನ್ನೇ ಸುತ್ತಿ ಬರತೊಡಗಿದವು. ವಾರಗಟ್ಟಲೆ ತಡ, ಬಾಡಿಗೆ ದುಬಾರಿ. ದಾಳಿ ಮಾಡುತ್ತಿದ್ದದ್ದು ಯೆಮನ್ ತೀರದಿಂದ. ಮೋಖಾ ಇರುವುದೂ ಆ ತೀರದಲ್ಲೇ. ನಮಗೆ ಕಾಫಿ ಕೊಟ್ಟ ಊರಿನ ಯುದ್ಧದ ಬಿಸಿ ಆಲೂರು, ಬಾಳುಪೇಟೆಯ ಬೆಳೆಗಾರನಿಗೂ ತಾಗಿತು.

ಇಲ್ಲಿಯ ಬಾರ್‌ನಲ್ಲಿ ನಿಂತು ಕುಡಿಯುವ ಒಂದು ಎಸ್ಪ್ರೆಸ್ಸೊಗೆ ಸುಮಾರು 1 ಯೂರೋ 30 ಸೆಂಟ್. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೆ 130 ರೂಪಾಯಿ. ಈಗ ಲೆಕ್ಕ ನೋಡಿ. ಒಂದು ಮೂಟೆ ಅರೇಬಿಕಾ ಪಾರ್ಚ್‌ಮೆಂಟ್ 50 ಕೆಜಿ. ಸಿಪ್ಪೆ ತೆಗೆದರೆ ಸುಮಾರು 40 ಕೆಜಿ ಹಸಿ ಬೀಜ. ಹುರಿದ ಮೇಲೆ 33 ಕೆಜಿ ಆಸುಪಾಸು ಉಳಿಯುತ್ತದೆ. ಕಪ್ಪಿಗೆ 7 ಗ್ರಾಂ ಅಂದರೆ ಒಂದು ಮೂಟೆಯಿಂದ 4,700 ಕಪ್. ಬಾರ್‌ನಲ್ಲಿ ಅದರ ಬೆಲೆ ಆರು ಲಕ್ಷ ರೂಪಾಯಿ. 2019ರ ಸುಮಾರಿಗೆ ಮೂಟೆಗೆ ಹತ್ತು ಸಾವಿರ ಸಿಗುವುದೇ ಕಷ್ಟವಿತ್ತು. ಆಗ ಬೆಳೆಗಾರನಿಗೆ ಕಪ್ಪಿಗೆ ಎರಡು ರೂಪಾಯಿ ಸಿಕ್ಕಿತು. 2025ರ ಆರಂಭದಲ್ಲಿ ನ್ಯೂಯಾರ್ಕ್ ಬೆಲೆ ಪೌಂಡಿಗೆ ನಾಲ್ಕು ಡಾಲರ್ ದಾಟಿ ದಾಖಲೆ ಮಾಡಿತು, ನಮ್ಮಲ್ಲಿ ಮೂಟೆ 25 ಸಾವಿರ ದಾಟಿತು. ಆಗಲೂ ಕಪ್ಪಿಗೆ ಬಂದದ್ದು ಐದಾರು ರೂಪಾಯಿ. ಇದರಲ್ಲಿ ಬಾರ್‌ನವನು ಮೋಸ ಮಾಡುತ್ತಿದ್ದಾನೆ ಅಂತ ನಾನು ಹೇಳುತ್ತಿಲ್ಲ. ಅವನಿಗೆ ಅಂಗಡಿ ಬಾಡಿಗೆ, ಸಂಬಳ, ಮೆಷಿನ್, ಕರೆಂಟು, ತೆರಿಗೆ ಎಲ್ಲ ಇದೆ. ಆದರೆ ಹುರಿಯುವುದು, ಹದ ಮಾಡಿ ಬೆರೆಸುವುದು, ಹೆಸರಿಟ್ಟು ಮಾರುವುದು ಎಲ್ಲವೂ ಈ ಕಡೆಯೇ ನಡೆಯುತ್ತದೆ. ಯುರೋಪಿನ ಸುಂಕದ ಪಟ್ಟಿಯೂ ಅದಕ್ಕೆ ತಕ್ಕಂತೆಯೇ ಇದೆ: ಹಸಿ ಬೀಜಕ್ಕೆ ಸುಂಕವಿಲ್ಲ, ಹುರಿದ ಬೀಜಕ್ಕೆ ಸಾಮಾನ್ಯ ದರ ನೂರಕ್ಕೆ 7.5. ಭಾರತವೂ ಹೊರಗಿನ ಕಾಫಿಗೆ ನೂರಕ್ಕೆ ನೂರು ಸುಂಕ ಇಟ್ಟಿದೆ, ಅದನ್ನೂ ಹೇಳಬೇಕು. ಮುಕ್ತ ವ್ಯಾಪಾರ ಅಂತ ಬಾಯಲ್ಲಿ ಹೇಳುವವರೆಲ್ಲ ತಮಗೆ ಬೇಕಾದ ಕಡೆ ಬೇಲಿ ಇಟ್ಟುಕೊಂಡೇ ಇದ್ದಾರೆ.

ಬೇಲಿ ಹಾಕಿಕೊಳ್ಳುವುದರಲ್ಲಿ ಇಟಲಿಯವರು ನಿಜಕ್ಕೂ ನಿಪುಣರು. ನನ್ನ ಮನೆಯಿಂದ ಸ್ವಲ್ಪ ದೂರದಲ್ಲಿ, ಗುಡ್ಡದ ಮೇಲೆ ಪ್ರೊಸೆಕ್ಕೊ ಎಂಬ ಹಳ್ಳಿ ಇದೆ. ಆ ಹೆಸರಿನ ನೊರೆ ಬರುವ ವೈನ್ ಈಗ ಜಗತ್ತಿನ ತುಂಬಾ ಮಾರಾಟವಾಗುತ್ತದೆ. ಅದನ್ನು ಜಾಸ್ತಿ ಬೆಳೆಯುವುದು ಈ ಹಳ್ಳಿಯಲ್ಲಲ್ಲ, ಪಶ್ಚಿಮಕ್ಕೆ ವೆನೆಟೊ ಕಡೆ. ಮೊದಲು ದ್ರಾಕ್ಷಿ ತಳಿಯ ಹೆಸರೂ ಪ್ರೊಸೆಕ್ಕೊ ಅಂತಲೇ ಇತ್ತು. ತಳಿಯ ಹೆಸರಾದರೆ ಆ ಬಳ್ಳಿ ನೆಟ್ಟ ಯಾರು ಬೇಕಾದರೂ, ಯಾವ ದೇಶದಲ್ಲಾದರೂ ಆ ಹೆಸರು ಹಾಕಿಕೊಳ್ಳಬಹುದು. 2009ರಲ್ಲಿ ಇವರು ಏನು ಮಾಡಿದರು ಗೊತ್ತಾ? ದ್ರಾಕ್ಷಿಗೆ ಗ್ಲೆರಾ ಅಂತ ಹೆಸರು ಬದಲಿಸಿದರು. ರಕ್ಷಿತ ಪ್ರದೇಶದ ಗಡಿಯನ್ನು ಟ್ರಿಯೆಸ್ಟೆಯ ಈ ಹಳ್ಳಿಯವರೆಗೂ ಎಳೆದರು. ಹೀಗೆ ಪ್ರೊಸೆಕ್ಕೊ ಅನ್ನುವುದು ಒಂದು ಊರಿನ ಹೆಸರಾಯಿತು, ಆ ಗಡಿಯೊಳಗೆ ಬೆಳೆದವರಿಗೆ ಮಾತ್ರ ಸೇರಿದ ಹೆಸರಾಯಿತು. ಯುರೋಪಿನವರು ಬೇರೆ ದೇಶಗಳ ಜೊತೆ ವ್ಯಾಪಾರ ಒಪ್ಪಂದಕ್ಕೆ ಕೂತಾಗಲೂ ಈ ಹೆಸರನ್ನು ಬಿಟ್ಟುಕೊಡದೆ ಚೌಕಾಸಿ ಮಾಡುತ್ತಾರೆ. ಬೆಳೆಗಾರರ ಒಕ್ಕೂಟ, ರಾಜ್ಯ, ಕೇಂದ್ರ, ಯುರೋಪಿಯನ್ ಒಕ್ಕೂಟ, ಎಲ್ಲರೂ ಒಂದೇ ಹೆಸರಿನ ಹಿಂದೆ ನಿಂತಿದ್ದಾರೆ. ಆ ಗೆಲುವಿಗೆ ಬೆಲೆಯೂ ಇದೆ. ಬೇಡಿಕೆ ಹೆಚ್ಚಿದಂತೆ ಗುಡ್ಡ ಗುಡ್ಡವೇ ದ್ರಾಕ್ಷಿ ತೋಟವಾಯಿತು, ಔಷಧಿ ಸಿಂಪಡಣೆಯ ವಿರುದ್ಧ ಅಲ್ಲಿಯ ಜನರೇ ಬೀದಿಗಿಳಿದರು.

ನಮಗೂ ಹೆಸರಿದೆ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ ಜಿಐ, ಅಂದರೆ ಊರಿನ ಹೆಸರಿಗೆ ಕಾನೂನು ರಕ್ಷಣೆ ಕೊಡುವ ಮಾನ್ಯತೆ ಸಿಕ್ಕಿತು. ಆದರೆ ಟ್ರಿಯೆಸ್ಟೆಯ ಅಂಗಡಿಗಳಲ್ಲಿ ಆ ಹೆಸರಿರುವ ಪ್ಯಾಕೆಟ್ ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮ ಬೀಜ ಹುರಿಯುವವನ ಹೆಸರಿನೊಳಗೆ ಕರಗಿ ಹೋಗಿರುತ್ತದೆ. ಸರ್ಟಿಫಿಕೇಟ್ ಪಡೆದು ಗೋಡೆಗೆ ಹಾಕಿದರೆ ಸಾಲದು. ಆ ಹೆಸರನ್ನು ಹೊತ್ತು ಮಾರುವ, ದುರುಪಯೋಗ ಮಾಡಿದವರ ಮೇಲೆ ಕೇಸು ಹಾಕುವ, ಗುಣಮಟ್ಟ ಕಾಯುವ ಒಂದು ಬೆಳೆಗಾರರ ಸಂಸ್ಥೆ ಬೇಕು. ಇಲ್ಲಿ ಒಕ್ಕೂಟ ಮೊದಲು, ಲೇಬಲ್ ಆಮೇಲೆ.

ಟ್ರೆಂಟೊ ಬಳಿಯ ವಾಲ್ ದಿ ನೋನ್ ಎಂಬ ಕಣಿವೆಗೆ ಹೋದಾಗ ನನಗೆ ನಮ್ಮ ಮಲೆನಾಡು ಬಹಳ ನೆನಪಾಯಿತು. ಇಳಿಜಾರು ನೆಲ, ತುಂಡು ತುಂಡು ಹಿಡುವಳಿ, ಮನೆಯವರೇ ಮಾಡುವ ಕೆಲಸ. ಬೆಳೆ ಸೇಬು. ಅಲ್ಲಿಯ ಸುಮಾರು ನಾಲ್ಕು ಸಾವಿರ ಕುಟುಂಬಗಳು 1989ರಲ್ಲಿ ಹುಟ್ಟಿದ ಮೆಲಿಂಡಾ ಎಂಬ ಒಂದೇ ಹೆಸರಿನಲ್ಲಿ ಮಾರುತ್ತವೆ. ನೋಡಿ, ಅದೇ ವರ್ಷ ನಮ್ಮ ಕಡೆ ಕೋಟಾ ಮುರಿದಿತ್ತು. ಪ್ರತಿ ಸೇಬಿನ ಮೇಲೆ ನೀಲಿ ಸ್ಟಿಕರ್. ಹಣ್ಣನ್ನು ಬೆಟ್ಟದೊಳಗೆ ಕಲ್ಲು ಕೊರೆದು ಮಾಡಿದ ಕೋಣೆಗಳಲ್ಲಿ ತಿಂಗಳುಗಟ್ಟಲೆ ತಣ್ಣಗೆ ಇಡುತ್ತಾರೆ. ಕೊಯ್ಲಿನ ವಾರವೇ ಮಾರಿ ಕೈತೊಳೆದುಕೊಳ್ಳುವ ಗತಿ ಆ ರೈತನಿಗಿಲ್ಲ. ಸೂಪರ್ ಮಾರ್ಕೆಟ್‌ನವರು ರೇಟು ಇಳಿಸಿ ಅಂದರೆ ಎದುರಿಗೆ ಕೂರುವುದು ನಾಲ್ಕು ಸಾವಿರ ಮನೆಗಳ ಪರವಾಗಿ ಬಂದ ಒಬ್ಬ ಮ್ಯಾನೇಜರ್. ಅವರೂ ಜಾಗತಿಕ ಮಾರುಕಟ್ಟೆಯಲ್ಲೇ ಇದ್ದಾರೆ. ಪೋಲೆಂಡಿನ ಅಗ್ಗದ ಸೇಬು ಅವರ ಎದುರಿಗೂ ಇದೆ. ಆದರೆ ಅವರು ಒಟ್ಟಿಗೆ ಹೋಗಿದ್ದಾರೆ.

ಇದು ಯುರೋಪಿನವರಿಗೆ ಮಾತ್ರ ಬರುವ ವಿದ್ಯೆ ಅಂತ ಯಾರೂ ಅನ್ನಬೇಡಿ. ನಮ್ಮದೇ ಹಾಸನದಲ್ಲಿ ಹಾಲಿನಲ್ಲಿ ಇದನ್ನು ಮಾಡಿ ತೋರಿಸಿದ್ದೇವೆ. ಚನ್ನರಾಯಪಟ್ಟಣದ ಕಡೆ ಎರಡು ಹಸು ಕಟ್ಟಿದ ಹೆಣ್ಣುಮಗಳು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುತ್ತಾಳೆ. ಅವಳ ಹಾಲು ಊರಿನ ಸಂಘ, ಜಿಲ್ಲಾ ಒಕ್ಕೂಟ, ಕೆಎಂಎಫ್ ದಾಟಿ ನಂದಿನಿ ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. 2019ರಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ಆರ್‌ಸಿಇಪಿ ಎಂಬ ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ ನಡೆದಾಗ ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ಗತಿ ಏನು ಅಂತ ಹಾಲು ಒಕ್ಕೂಟಗಳು ಗಟ್ಟಿಯಾಗಿ ದನಿ ಎತ್ತಿದವು. ಆ ವರ್ಷ ನವೆಂಬರ್ 4ರಂದು ಭಾರತ ಒಪ್ಪಂದದಿಂದ ಹೊರಬಂತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ಹಾಲಿನವರಿಗೆ ದನಿ ಇತ್ತು, ಯಾಕೆಂದರೆ ಅವರಿಗೆ ಸಂಘ ಇತ್ತು.

ಮೆಣಸಿನ ವಿಷಯದಲ್ಲಿ ಇದರ ಉಲ್ಟಾ ಆಯಿತು. ಕಾಫಿ ಕೈಕೊಟ್ಟಾಗ ನಮ್ಮನ್ನು ಕಾಪಾಡುತ್ತಿದ್ದದ್ದು ಮರಕ್ಕೆ ಹಬ್ಬಿಸಿದ ಮೆಣಸು. 2000ದಲ್ಲಿ ಜಾರಿಗೆ ಬಂದ ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದ ಕಡಿಮೆ ಸುಂಕದ ದಾರಿಯಲ್ಲಿ ವಿಯೆಟ್ನಾಂ ಮೆಣಸೂ ನುಸುಳಿ ಬರುತ್ತಿದೆ ಅಂತ ಬೆಳೆಗಾರರು ವರ್ಷಗಟ್ಟಲೆ ಕೂಗಿದರು. ಕೆಜಿಗೆ 500 ರೂಪಾಯಿಗಿಂತ ಕಡಿಮೆ ಬೆಲೆಗೆ ಆಮದು ಮಾಡುವಂತಿಲ್ಲ ಎಂಬ ಆದೇಶ ಬಂದದ್ದು 2017ರ ಡಿಸೆಂಬರ್‌ನಲ್ಲಿ. ಅಷ್ಟು ಹೊತ್ತಿಗೆ ಬೆಲೆ ಬಿದ್ದಾಗಿತ್ತು.

ಹಾಲಿನಲ್ಲಿ ಆದದ್ದು ಕಾಫಿಯಲ್ಲಿ ಯಾಕೆ ಆಗಲಿಲ್ಲ? ಹಾಲು ದಿನಾ ಬರುತ್ತದೆ, ದುಡ್ಡೂ ಬೇಗ ತಿರುಗುತ್ತದೆ. ಕಾಫಿ ವರ್ಷಕ್ಕೊಮ್ಮೆ ಬರುತ್ತದೆ. ಸಂಘ ಅದನ್ನು ಕೊಂಡು ಇಟ್ಟುಕೊಳ್ಳಬೇಕಾದರೆ ಕೋಟಿಗಟ್ಟಲೆ ಬಂಡವಾಳ ಬೇಕು. ಬೆಲೆ ಬಿದ್ದರೆ ಸಂಘವೇ ಮುಳುಗುತ್ತದೆ. ಸಹಕಾರದ ಪ್ರಯತ್ನ ಮಾಡಿ ಕೈಸುಟ್ಟುಕೊಂಡವರು ನಮ್ಮಲ್ಲೂ ಇದ್ದಾರೆ. ಇನ್ನೊಂದು ಕಾರಣವನ್ನೂ ಮುಚ್ಚಿಡಬಾರದು. ಸಾವಿರ ಎಕರೆ ಎಸ್ಟೇಟಿನವರಿಗೂ ಎರಡು ಎಕರೆಯವರಿಗೂ ಒಂದೇ ಸಂಘದಲ್ಲಿ ಸಮ ಕುರ್ಚಿ ಹಾಕಿ ಕೂರುವ ಅಭ್ಯಾಸ ನಮ್ಮ ಕಡೆ ಬೆಳೆಯಲಿಲ್ಲ. ಸಾಹುಕಾರರು ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಅದಕ್ಕೇ ಸಣ್ಣ ಬೆಳೆಗಾರರದ್ದೇ ಪ್ರತ್ಯೇಕ ಸಂಘ ಬೇಕು ಅನ್ನುವುದು ನನ್ನ ಅಭಿಪ್ರಾಯ. ಪೂರ್ತಿ ಬೆಳೆ ಕೊಳ್ಳದಿದ್ದರೂ ಪರವಾಗಿಲ್ಲ. ಗೋದಾಮಿನಲ್ಲಿ ಇಟ್ಟ ಮೂಟೆಯ ರಸೀದಿ ಮೇಲೆ ಸಾಲ ಕೊಡಿಸಿ ಮೂರು ತಿಂಗಳು ಕಾಯುವಂತೆ ಮಾಡಿದರೂ ಸಾಕು. ನಮ್ಮ ಚಿಕ್ಕಪ್ಪ ಫೆಬ್ರವರಿಯಲ್ಲೇ ಮಾರಬೇಕಾಗಿಲ್ಲ.

ಇಟಲಿಯನ್ನು ಹೊಗಳಿದ್ದು ಜಾಸ್ತಿ ಆಯಿತು ಅನಿಸಬಹುದು. ಇಲ್ಲಿಯ ಕತ್ತಲೆಯೂ ಗೊತ್ತಿದೆ. ಪೊ ನದಿ ಬಯಲಿನ ಚೀಸ್‌ಗೆ ಹಾಲು ಕೊಡುವ ಹಸುಗಳನ್ನು ನೋಡಿಕೊಳ್ಳುವವರಲ್ಲಿ ಎಷ್ಟೋ ಜನ ಪಂಜಾಬಿನ ಸಿಖ್ಖರು. ರೋಮ್ ದಕ್ಷಿಣದ ಲಾತಿನಾ ಸೀಮೆಯ ತರಕಾರಿ ಹೊಲಗಳಲ್ಲಿಯೂ ಅವರೇ. 2024ರ ಜೂನ್‌ನಲ್ಲಿ ಅಲ್ಲಿ ಒಬ್ಬ ಪಂಜಾಬಿ ಕಾರ್ಮಿಕನ ಕೈ ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಆಸ್ಪತ್ರೆಗೆ ಸೇರಿಸುವ ಬದಲು ಅವನನ್ನು ಮನೆಯ ಹತ್ತಿರ ಹಾಕಿ ಹೋದರು. ಅವನು ಸತ್ತ. ಇಡೀ ದೇಶ ನಾಚಿಕೆಪಟ್ಟಿತು. ಮೇಸ್ತ್ರಿಗಳು ಹೊಲದ ಕೂಲಿಗಳನ್ನು ಸುಲಿಯುವುದರ ವಿರುದ್ಧ 2016ರಲ್ಲೇ ಕಾನೂನು ಬಂದಿದ್ದರೂ ಇದು ನಡೆಯಿತು.

ಆ ಸುದ್ದಿ ಓದುವಾಗ ನಮ್ಮ ತೋಟಗಳಲ್ಲಿ ಕೂಲಿಯವರು ಇರುವ ಲೈನ್ ಮನೆಗಳು ಕಣ್ಣೆದುರು ಬಂದವು. ಮೊದಲು ತಮಿಳುನಾಡಿನವರು, ಕರಾವಳಿಯವರು ಬರುತ್ತಿದ್ದರು. ಈಗ ಅಸ್ಸಾಂ, ಜಾರ್ಖಂಡ್ ಕಡೆಯವರು. ಸಕಲೇಶಪುರದ ಸಂತೆಯಲ್ಲಿ ಅಸ್ಸಾಮಿ ಮಾತು ಕಿವಿಗೆ ಬೀಳುತ್ತದೆ. ಅವರ ಮಕ್ಕಳು ನಮ್ಮ ಸರ್ಕಾರಿ ಶಾಲೆಯಲ್ಲಿ ಕೂತು ಕಾಗುಣಿತ ಕಲಿಯುತ್ತಿವೆ. ಕಾಫಿ ಬೆಲೆ ಮೂಟೆಗೆ 25 ಸಾವಿರ ದಾಟಿದ ವರ್ಷ ಕುಯ್ಯುವವರ ಕೂಲಿ ಎಷ್ಟು ಏರಿತು? ಎಷ್ಟು ಜನರಿಗೆ ಪಿಎಫ್ ಇದೆ? ಆನೆ ತುಳಿದರೆ ಅಸ್ಸಾಮಿನ ಕುಟುಂಬಕ್ಕೆ ಪರಿಹಾರ ಕೊಡಿಸಲು ಯಾರು ಓಡಾಡುತ್ತಾರೆ? ಲಂಡನ್ ನಮಗೆ ಅನ್ಯಾಯ ಮಾಡುತ್ತಿದೆ ಅಂತ ದೂರುವ ನಾವು ಈ ಪ್ರಶ್ನೆಗೂ ಉತ್ತರ ಕೊಡಬೇಕು. ಬೆಳೆಗಾರರ ಸಂಘದ ಜೊತೆಯಲ್ಲೇ ಕಾರ್ಮಿಕರ ಸಂಘವೂ ಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಕೇಳುವುದಕ್ಕೆ ನನಗೆ ಮನಸ್ಸಿಲ್ಲ.

ರಾಜಕೀಯದ ವಿಷಯಕ್ಕೆ ಬಂದರೆ, ಈ ಚರ್ಚೆಯನ್ನು ಕನ್ನಡನಾಡಿನಲ್ಲಿ ಎಲ್ಲರಿಗಿಂತ ಮೊದಲು ಗಟ್ಟಿಯಾಗಿ ಎತ್ತಿದವರು ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮತ್ತು ರೈತ ಸಂಘದವರು. ವಿಶ್ವ ವ್ಯಾಪಾರದ ಹೊಸ ನಿಯಮಗಳ ಕರಡಾದ ಡಂಕೆಲ್ ಪ್ರಸ್ತಾವದ ವಿರುದ್ಧ ಅವರು ಹೋರಾಡುವಾಗ ಪೇಟೆಯ ಓದಿದ ಜನ ಎಷ್ಟೋ ಮಂದಿ ಕಿವಿಗೊಡಲಿಲ್ಲ. 1999ರಲ್ಲಿ ನಾನೂರಕ್ಕೂ ಹೆಚ್ಚು ರೈತರು, ಬಹುಪಾಲು ಭಾರತದವರು, ಯುರೋಪಿನ ಊರೂರು ತಿರುಗಿದರು. ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯ ಬಾಗಿಲಿಗೆ ಹೋದರು. ಜೂನ್‌ನಲ್ಲಿ ಜರ್ಮನಿಯ ಕಲೋನ್‌ನಲ್ಲಿ ಜಿ-8 ಶೃಂಗಸಭೆ ನಡೆಯುವ ಹೊತ್ತಿಗೆ ಅಲ್ಲಿ ಸೇರಿದರು. ಹಸಿರು ಶಾಲು ಹೊದ್ದ ನಮ್ಮ ರೈತರು ಫ್ರಾನ್ಸಿನ ರೈತರ ಜೊತೆ ಕೂತು ಮಾತಾಡಿದ್ದು ಸಣ್ಣ ಸಂಗತಿಯಲ್ಲ. ಅವರು ಹೇಳಿದ್ದೆಲ್ಲ ಸರಿ ಅಂತ ನಾನು ಒಪ್ಪುವುದಿಲ್ಲ. ಹೊರಗಿನ ಮಾರುಕಟ್ಟೆ ಇಲ್ಲದೆ ಕಾಫಿ ಸೀಮೆ ಬದುಕುವುದಿಲ್ಲ, ನಮ್ಮ ಬೆಳೆಯ ಮೂರರಲ್ಲಿ ಎರಡು ಪಾಲು ಹೊರಗೇ ಹೋಗುತ್ತದೆ. ಆದರೆ ನಿಯಮ ಬರೆಯುವ ಮೇಜಿನಲ್ಲಿ ರೈತನಿಗೆ ಜಾಗ ಬೇಕು ಎಂಬ ಅವರ ಮಾತು ಅಂದೂ ಸರಿ, ಇಂದೂ ಸರಿ. 2024ರ ಚಳಿಗಾಲದಲ್ಲಿ ಯುರೋಪಿನ ರೈತರೇ ಟ್ರ್ಯಾಕ್ಟರ್ ತಂದು ಹೆದ್ದಾರಿ ತಡೆದರು. ದಕ್ಷಿಣ ಅಮೆರಿಕದ ಅಗ್ಗದ ಮಾಂಸ ಬಂದರೆ ನಾವು ಹೋದಂತೆಯೇ ಅಂದರು. ಯುರೋಪಿನ ಬಜೆಟ್ಟಿನ ಮೂರನೇ ಒಂದರಷ್ಟು ಕೃಷಿಗೆ ಹೋಗುತ್ತದೆ. ಅಷ್ಟು ಬೆಂಬಲ ಇರುವವರಿಗೇ ಭಯವಾದರೆ ನಮ್ಮವರ ಭಯ ಸಹಜ ಅಲ್ವಾ?

ಸಂಸ್ಕೃತಿಯ ಬಗ್ಗೆ ನನಗೆ ಅಷ್ಟು ಆತಂಕ ಇಲ್ಲ. ಇಲ್ಲಿಯವರು ಅಮೆರಿಕದ ಟೊಮೆಟೊವನ್ನು ತಮ್ಮದೇ ಮಾಡಿಕೊಂಡರು, ನಾವು ಮೆಣಸಿನಕಾಯಿಯನ್ನು ಮಾಡಿಕೊಂಡೆವು. ಸ್ಟಾರ್‌ಬಕ್ಸ್ ಇಟಲಿಯಲ್ಲಿ ಮೊದಲ ಅಂಗಡಿ ತೆರೆದದ್ದು 2018ರಲ್ಲಿ, ಆದರೂ ಬೀದಿ ಬದಿಯ ಬಾರ್‌ಗಳು ತುಂಬಿಯೇ ಇವೆ. ಚಿಕೋರಿ ಬೆರೆತ ನಮ್ಮ ಫಿಲ್ಟರ್ ಕಾಫಿಯೂ ಹೋಗುವುದಿಲ್ಲ. ನನಗೆ ಆತಂಕ ಇರುವುದು ಜನಸಂದಣಿಯ ಬಗ್ಗೆ. ವೆನಿಸ್ 2024ರಲ್ಲಿ ಒಂದು ದಿನಕ್ಕೆ ಬಂದು ಹೋಗುವವರಿಗೆ ಐದು ಯೂರೋ ಶುಲ್ಕ ಶುರು ಮಾಡಿತು. ಮುಳ್ಳಯ್ಯನಗಿರಿಯ ರಸ್ತೆಯಲ್ಲಿ ವಾರದ ಕೊನೆಗೆ ನಿಲ್ಲುವ ವಾಹನಗಳ ಸಾಲು ನೋಡಿದರೆ ನಮಗೂ ಕಡಿವಾಣ ಬೇಕೇ ಬೇಕು. 2023ರಲ್ಲಿ ಬೇಲೂರು, ಹಳೇಬೀಡು ಯುನೆಸ್ಕೊ ಪಟ್ಟಿ ಸೇರಿವೆ. ಅಲ್ಲಿಗೆ ಬರುವವರ ದುಡ್ಡಿನಲ್ಲಿ ಆ ಊರಿನವರಿಗೆ ಎಷ್ಟು ಸಿಗುತ್ತದೆ ಎಂಬುದನ್ನು ಈಗಲೇ ನೋಡಿಕೊಳ್ಳಬೇಕು.

ಸದ್ಯಕ್ಕೆ ತುರ್ತಾಗಿ ಎದುರಿಗೆ ಇರುವುದು ಯುರೋಪಿನ ಅರಣ್ಯನಾಶ ತಡೆ ಕಾನೂನು. 2023ರಲ್ಲಿ ಬಂದದ್ದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಯುರೋಪಿನಲ್ಲಿ ಮಾರುವಂತಿಲ್ಲ. ಪ್ರತಿ ತೋಟದ ಸ್ಥಳವನ್ನು ಅಕ್ಷಾಂಶ ರೇಖಾಂಶ ಸಮೇತ ಕೊಡಬೇಕು, ನಾಲ್ಕು ಹೆಕ್ಟೇರಿಗಿಂತ ದೊಡ್ಡದಾದರೆ ಗಡಿಯ ನಕ್ಷೆಯನ್ನೇ ಕೊಡಬೇಕು. ಜಾರಿಯನ್ನು ಎರಡು ಸಲ ಮುಂದೂಡಿದ್ದಾರೆ. ಮುಂದೂಡಿದರು ಅಂತ ಸುಮ್ಮನೆ ಕೂರುವಂತಿಲ್ಲ. ಕಾನೂನಿನ ಉದ್ದೇಶವನ್ನು ನಾನು ಒಪ್ಪುತ್ತೇನೆ. ಹೇಮಾವತಿ ಹುಟ್ಟುವ ಬೆಟ್ಟದ ಮರ ಉಳಿಯಬೇಕು, ನೆರಳಿನ ಮರ ಕಡಿದು ಬಯಲು ಮಾಡುವುದು ನಮ್ಮಲ್ಲೂ ಹೆಚ್ಚಾಗಿದೆ. ಆದರೆ ನೆರಳಿನಲ್ಲಿ ಕಾಫಿ ಬೆಳೆದು ಕಾಡಿನ ಮರ ಉಳಿಸಿಕೊಂಡ ಎರಡು ಎಕರೆಯವನೇ ಖರ್ಚು ಹಾಕಿ ತನ್ನ ಸಾಚಾತನ ಸಾಬೀತು ಮಾಡಬೇಕು ಅನ್ನುವುದು ಸರಿಯಲ್ಲ. ಆ ಖರ್ಚು ಕೊಳ್ಳುವವರ ಮೇಲೆ ಬೀಳಬೇಕು.

ಇದಕ್ಕಿಂತ ದೊಡ್ಡ ವಿಷಯ ಒಂದಿದೆ, ಅದರ ಬಗ್ಗೆ ಊರಿನಲ್ಲಿ ಯಾರೂ ಮಾತಾಡಿದ್ದು ಕೇಳಿಲ್ಲ. ಆ ನಕ್ಷೆ ಯಾರ ಕೈಯಲ್ಲಿ ಇರುತ್ತದೆ? ರಫ್ತು ಮಾಡುವ ಕಂಪನಿಯೇ ಬಂದು ನಿಮ್ಮ ತೋಟ ಅಳೆದು ದಾಖಲೆ ತನ್ನ ಕಂಪ್ಯೂಟರಿನಲ್ಲಿ ಇಟ್ಟುಕೊಂಡರೆ, ನಾಳೆ ಬೇರೆಯವರು ಜಾಸ್ತಿ ರೇಟು ಕೊಡುತ್ತೇನೆ ಅಂದಾಗ ನಿಮ್ಮ ಹತ್ತಿರ ತೋರಿಸಲು ಕಾಗದವೇ ಇರುವುದಿಲ್ಲ. ಯುರೋಪಿಗೆ ಮಾರಬೇಕಾದರೆ ಅದೇ ಕಂಪನಿಗೇ ಹಾಕಬೇಕಾಗುತ್ತದೆ. ದಾಖಲೆ ಬೆಳೆಗಾರನ ಹೆಸರಿನಲ್ಲಿ, ಅವನ ಸಂಘದ ಬಳಿ ಅಥವಾ ಕಾಫಿ ಬೋರ್ಡ್ ಬಳಿ ಇದ್ದರೆ ಯಾರಿಗೆ ಬೇಕಾದರೂ ಮಾರಬಹುದು. ಕಾಫಿ ಬೋರ್ಡ್ ನೋಂದಣಿ ಶುರು ಮಾಡಿದೆ. ಸಣ್ಣ ಬೆಳೆಗಾರರು ಮೊದಲು ಅಲ್ಲಿ ಹೆಸರು ಬರೆಸಿ. ಹೋಬಳಿ ಮಟ್ಟದಲ್ಲಿ ಇಪ್ಪತ್ತು ಮೂವತ್ತು ಜನ ಸೇರಿ ಒಬ್ಬ ಓದಿದ ಹುಡುಗನನ್ನೋ ಹುಡುಗಿಯನ್ನೋ ಕೂಲಿ ಕೊಟ್ಟು ಎಲ್ಲರ ತೋಟದ ಅಳತೆ ಮಾಡಿಸಿಕೊಳ್ಳಿ. ಯಾವುದೇ ವ್ಯಾಪಾರಿ ಸಹಿ ಹಾಕಿ ಅಂತ ಫಾರಂ ತಂದರೆ, ಸಹಿ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿ: ಈ ನಕ್ಷೆಯ ಪ್ರತಿ ನನಗೆ ಕೊಡುತ್ತೀರಾ, ಇದನ್ನು ಇಟ್ಟುಕೊಂಡು ನಾನು ಬೇರೆಯವರಿಗೆ ಮಾರಬಹುದಾ?